ಜಗಳ ಅವರದ್ದು, ಸಂಬಳ ನಿಂತದ್ದು ಇವರದ್ದು

ಅಮೆರಿಕದಲ್ಲಿ ಶಟ್‌ಡೌನ್, ಅಂದರೆ ಖರ್ಚಿಗೆ ಒಪ್ಪಿಗೆ ಸಿಗದೆ ಸರ್ಕಾರಿ ಕೆಲಸ ನಿಲ್ಲೋದು, ಆದಾಗಲೆಲ್ಲ ನಮ್ಮ ಚಾನೆಲ್‌ಗಳಲ್ಲಿ ಒಂದೇ ಚರ್ಚೆ. ಟ್ರಂಪ್ ಗೆದ್ದರಾ, ಡೆಮಾಕ್ರಾಟರು ಗೆದ್ದರಾ? ಸಂಬಳ ಇಲ್ಲದೆ ಡ್ಯೂಟಿಗೆ ಹೋದವರ ಮಾತು ಯಾರೂ ಎತ್ತಲ್ಲ. ನನಗೆ ಸಿಟ್ಟು ಬರೋದೇ ಅದಕ್ಕೆ.

ಅಲ್ಲಿ ಹಣಕಾಸು ವರ್ಷ ಶುರುವಾಗೋದು ಅಕ್ಟೋಬರ್ 1ಕ್ಕೆ. ಅಷ್ಟರೊಳಗೆ ಸಂಸತ್ತು ಖರ್ಚಿಗೆ ಒಪ್ಪಿಗೆ ಕೊಡದಿದ್ದರೆ ಇಲಾಖೆಗಳಿಗೆ ಬೀಗ, ತೀರಾ ಅಗತ್ಯದ ಕೆಲಸದವರು ಮಾತ್ರ ಸಂಬಳ ಇಲ್ಲದೆಯೇ ದುಡಿಯಬೇಕು. 2025ರಲ್ಲಿ ಆರೋಗ್ಯ ವಿಮೆಯ ಸಬ್ಸಿಡಿ ಮುಂದುವರಿಸಿ ಅಂತ ಡೆಮಾಕ್ರಾಟರು ಪಟ್ಟು ಹಿಡಿದರು, ಮೊದಲು ಸರ್ಕಾರ ತೆರೆಯಲಿ ಆಮೇಲೆ ಮಾತು ಅಂತ ರಿಪಬ್ಲಿಕನ್ನರು ಕೂತರು, ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಬೇಕಾದ 60 ಮತ ಯಾರಿಗೂ ಸಿಗಲಿಲ್ಲ. 43 ದಿನ ಹೀಗೇ ಹೋಯಿತು. ಬಡವರಿಗೆ ದಿನಸಿ ಕೊಳ್ಳಲು ಹಣ ಕೊಡುವ ಸ್ನ್ಯಾಪ್ ಯೋಜನೆಯನ್ನು ನಂಬಿಕೊಂಡವರು ಸುಮಾರು 4.2 ಕೋಟಿ ಜನ. ನವೆಂಬರ್ ಬಂದರೂ ಅವರ ಕಾರ್ಡಿಗೆ ದುಡ್ಡು ಬೀಳುತ್ತೋ ಇಲ್ವೋ ಅನ್ನೋದು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಊಟದ ವಿಷಯ ಕಣ್ರೀ ಇದು.

ಸಬ್ಸಿಡಿ ಕೇಳಿದ್ದು ನ್ಯಾಯವೇ. ಆದರೆ 2013ರಲ್ಲಿ ರಿಪಬ್ಲಿಕನ್ನರು ಒಬಾಮಾ ಕೇರ್ ಅನ್ನೋ ಆರೋಗ್ಯ ವಿಮೆ ಕಾನೂನನ್ನು ತಡೆಯಲು ಇದೇ ದಾರಿ ಹಿಡಿದದ್ದು ತಪ್ಪು ಅನ್ನೋದಾದರೆ, ನಮಗೆ ಇಷ್ಟವಾದ ಬೇಡಿಕೆಗೆ ಹಿಡಿದರೂ ತಪ್ಪೇ ಅಲ್ವಾ?

2018-19ರಲ್ಲಿ, ಟ್ರಂಪ್ ಗಡಿ ಗೋಡೆಗೆ 570 ಕೋಟಿ ಡಾಲರ್ ಕೇಳಿ 35 ದಿನ ಸರ್ಕಾರ ನಿಂತಾಗ, ಸುಮಾರು 8 ಲಕ್ಷ ನೌಕರರಿಗೆ ಸಂಬಳ ಇರಲಿಲ್ಲ. ಏರ್ ಟ್ರಾಫಿಕ್ ಕಂಟ್ರೋಲರ್‌ಗಳ ಕೈಗೆ ಬಂದ ಪೇ ಸ್ಲಿಪ್‌ನಲ್ಲಿ ಸೊನ್ನೆ. ಆ ಸೊನ್ನೆ ನೋಡಿದವರೇ ಮತ್ತೆ ಹೆಡ್‌ಸೆಟ್ ಹಾಕಿಕೊಂಡು ಕೂತು, ಇನ್ನೂರು ಮುನ್ನೂರು ಜನ ಇರುವ ವಿಮಾನವನ್ನು ಇಳಿಸಬೇಕು, ಮನೆ ಬಾಡಿಗೆ ಹೇಗೆ ಕಟ್ಟೋದು ಅನ್ನೋ ಚಿಂತೆ ತಲೆಯಲ್ಲಿ ಇಟ್ಟುಕೊಂಡೇ. ಜನವರಿ 25ರಂದು ಕೆಲವೇ ಕೆಲವು ಕಂಟ್ರೋಲರ್‌ಗಳು ಹುಷಾರಿಲ್ಲ ಅಂತ ಬರಲಿಲ್ಲ. ನ್ಯೂಯಾರ್ಕಿನ ಲಾಗಾರ್ಡಿಯಾಕ್ಕೆ ಬರುವ ವಿಮಾನಗಳನ್ನು ಸ್ವಲ್ಪ ಹೊತ್ತು ತಡೆಯಬೇಕಾಯಿತು. ಅದೇ ದಿನ ಸರ್ಕಾರ ತೆರೆಯಿತು! ಒಂದು ತಿಂಗಳು ಆಗದ ರಾಜಿ ಒಂದೇ ದಿನದಲ್ಲಿ ಆಯಿತು.

ಇದೇನು ಹಳೆಯ ಸಂಪ್ರದಾಯವೂ ಅಲ್ಲ. 1980ರವರೆಗೆ ಬಜೆಟ್ ತಡವಾದರೂ ಕಚೇರಿಗಳು ಹೆಚ್ಚುಕಡಿಮೆ ನಡೆಯುತ್ತಿದ್ದವು. ಆ ವರ್ಷ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿ ಹಳೇ ಕಾನೂನೊಂದನ್ನು ಬಿಗಿಯಾಗಿ ಓದಿ, ಒಪ್ಪಿಗೆ ಇಲ್ಲದಿದ್ದರೆ ಮುಚ್ಚಲೇಬೇಕು ಅಂದರು. ಆಗಿನಿಂದ ಇದು ಆಯುಧ. ನಮ್ಮಲ್ಲಿ ಬಜೆಟ್ ತಡವಾದರೆ ತಾತ್ಕಾಲಿಕ ಖರ್ಚಿಗೆ ಒಪ್ಪಿಗೆ ಕೊಡುವ ಲೇಖಾನುದಾನ ಇದೆ, ಲೋಕಸಭೆಯಲ್ಲಿ ಬಜೆಟ್ ಬಿದ್ದುಹೋದರೆ ಮನೆಗೆ ಹೋಗೋದು ಮಂತ್ರಿಗಳು. ಅಲ್ಲಿ ಜಗಳ ಮಾಡುವ ಸಂಸದರ ಸಂಬಳಕ್ಕೆ ಸಂವಿಧಾನದ ರಕ್ಷಣೆ ಬೇರೆ.

ನಮ್ಮವರಿಗೂ ಬಿಸಿ ತಟ್ಟಿದೆ. 2025ರ ಅಕ್ಟೋಬರ್ 1ರಿಂದ ಅಲ್ಲಿನ ಕಾರ್ಮಿಕ ಇಲಾಖೆ ಎಚ್-1ಬಿ ಕೆಲಸದ ವೀಸಾಕ್ಕೆ ಬೇಕಾದ ಅರ್ಜಿ ತೆಗೆದುಕೊಳ್ಳೋದನ್ನೇ ನಿಲ್ಲಿಸಿತ್ತು. ಕೆಲಸ ಬದಲಿಸಬೇಕು ಅಂತಿದ್ದವರು ಸುಮ್ನೆ ಕಾಯಬೇಕಾಯಿತು.

2019ರ ಕಾನೂನಿನ ಪ್ರಕಾರ ಸರ್ಕಾರಿ ನೌಕರರಿಗೆ ಬಾಕಿ ಸಂಬಳ ಸಿಗುತ್ತದೆ. ಆದರೆ ಅದೇ ಕಟ್ಟಡ ಗುಡಿಸುವ, ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ, ಗೇಟು ಕಾಯುವ ಗುತ್ತಿಗೆಯವರಿಗೆ ಆ ಕಾನೂನು ಅನ್ವಯಿಸಲ್ಲ. ಅವರ ಕೂಲಿ ಹೋದದ್ದು ಹೋಯಿತು. ಒಪ್ಪಂದ ಆಗುವವರೆಗೆ ಹಿಂದಿನ ವರ್ಷದ ಖರ್ಚೇ ತಾನಾಗಿ ಮುಂದುವರಿಯಲಿ ಅನ್ನೋ ಮಸೂದೆ ಅಲ್ಲಿ ಎಷ್ಟೋ ಸಲ ಬಂದಿದೆ, ಪಾಸಾಗಿಲ್ಲ. ಅಮೆರಿಕದಲ್ಲಿ ಪೌರತ್ವ ಪಡೆದು ಮತ ಹಾಕುವ ಕನ್ನಡದವರು ನನ್ನ ಫ್ರೆಂಡ್ಸ್ ಪಟ್ಟಿಯಲ್ಲಿ ಬಹಳ ಜನ ಇದ್ದೀರಿ. ದಯವಿಟ್ಟು ನಿಮ್ಮ ಸೆನೆಟರ್ ಕಚೇರಿಗೆ ಒಂದು ಫೋನ್ ಮಾಡಿ, ಆ ಮಸೂದೆ ಕೇಳಿ, ಗುತ್ತಿಗೆಯವರ ಬಾಕಿ ಕೂಲಿಯನ್ನೂ ಅದರಲ್ಲಿ ಸೇರಿಸಿ ಅನ್ನಿ.