ಗಿರಾಕಿಗಳನ್ನ ಕೊಂಡುಕೊಳ್ಳೋಕಾಗುತ್ತಾ?

ಮುಂಬೈನ ಮಾಟುಂಗಾದಲ್ಲಿ ಮನೆಯಿಂದಲೇ ಸಾರಿನಪುಡಿ, ಚಟ್ನಿಪುಡಿ ಮಾರುತ್ತೇನೆ. ವಾರಕ್ಕೊಬ್ಬನಾದರೂ ಫೋನ್ ಮಾಡುತ್ತಾನೆ: ‘ಹತ್ತು ಸಾವಿರ ಈಮೇಲ್ ವಿಳಾಸ ಕೊಡ್ತೀವಿ ಮೇಡಂ, ತಗೊಳ್ಳಿ.’ ಯಾರ ವಿಳಾಸ ಅವು? ಅವರೇನು ನನ್ನ ಪುಡಿ ಕೇಳಿದ್ದಾರಾ?

ನನ್ನ ಹತ್ತಿರ ಇರುವುದು 214. ಗಣೇಶ ಹಬ್ಬದ ಸ್ಟಾಲ್‌ನಲ್ಲಿ ರುಚಿ ನೋಡಿ, ನನ್ನ ನೋಟ್‌ಬುಕ್ಕಿನಲ್ಲಿ ತಾವೇ ಬರೆದುಕೊಟ್ಟವರು. ಒಂದು ಪುಟದಲ್ಲಿ ಇನ್ನೂ ಎಣ್ಣೆ ಕಲೆ ಇದೆ. ಮೇಲ್ ಹೋದರೆ ಅವರು ಆರ್ಡರ್ ಕೊಡುತ್ತಾರೆ.

ಗುರುತಿಲ್ಲದವರಿಗೆ ಕಳಿಸಿದರೆ ಸುಮ್ನೆ ಸ್ಪ್ಯಾಮ್ ಅಂತ ಒತ್ತುತ್ತಾರೆ. ಸಾವಿರಕ್ಕೆ ಮೂರು ಜನ ಒತ್ತಿದರೂ ಜಿಮೇಲ್ ಲೆಕ್ಕದಲ್ಲಿ ಅದು ಜಾಸ್ತಿ. ಆಮೇಲೆ ಹಳೇ ಗಿರಾಕಿಗಳಿಗೆ ಕಳಿಸಿದ್ದೂ ಸ್ಪ್ಯಾಮಿಗೇ ಬೀಳಬಹುದು, ಅಲ್ವಾ?

ಬೇಡ ಅಂದರೆ ಬೇರೆ ನಂಬರಿನಿಂದ ಮತ್ತೆ ಫೋನ್. ನಿನ್ನೆ ಅವನಿಗೆ ಉತ್ತರ ಹೇಳುವಷ್ಟರಲ್ಲಿ ಬಾಣಲೆಯಲ್ಲಿದ್ದ ಕೊತ್ತಂಬರಿ ಬೀಜ ಸೀದೇ ಹೋಯಿತು.