ರಶ್ಮಿಕಾ ಮೊದಲಿಗರಲ್ಲ: ಒಂದು ಸ್ಪಷ್ಟನೆ

‘ಕೊಡವ ಸಮುದಾಯದಿಂದ ಚಿತ್ರರಂಗಕ್ಕೆ ಬಂದ ಮೊದಲ ನಟಿ ರಶ್ಮಿಕಾ ಮಂದಣ್ಣ’ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ಕೊಡವರೇ ಆದ ಪ್ರೇಮಾ 1995ರಲ್ಲೇ ತೆರೆಕಂಡ ‘ಓಂ’ ಚಿತ್ರಕ್ಕೆ ರಾಜ್ಯ ಪ್ರಶಸ್ತಿ ಪಡೆದವರು. ಆ ಚಿತ್ರ ಬಂದಾಗ ರಶ್ಮಿಕಾ ಹುಟ್ಟಿರಲೇ ಇಲ್ಲ! ಡೈಸಿ ಬೋಪಣ್ಣ, ನಿಧಿ ಸುಬ್ಬಯ್ಯ, ಹರ್ಷಿಕಾ ಪೂಣಚ್ಚ ಕೂಡ ಅವರಿಗಿಂತ ಮೊದಲೇ ಬಂದವರು. ಪ್ರೇಮಾ ಹೆಸರಿನ ಜೊತೆ ಅಪ್ಪಯ್ಯ, ಪೂಣಚ್ಚ ಎಂಬಂಥ ಗುರುತು ಇಲ್ಲದ್ದರಿಂದ ಹೊರಗಿನವರ ಲೆಕ್ಕಕ್ಕೆ ಸಿಗುವುದಿಲ್ಲ, ಅಷ್ಟೆ.

‘ಪುಷ್ಪ’ ಮೊದಲ ಚಿತ್ರ ಎನ್ನುವುದೂ ಸುಳ್ಳು. ವಿರಾಜಪೇಟೆಯ ರಶ್ಮಿಕಾ 2014ರಲ್ಲಿ ‘ಕ್ಲೀನ್ ಅಂಡ್ ಕ್ಲಿಯರ್ ಫ್ರೆಶ್ ಫೇಸ್’ ಸ್ಪರ್ಧೆ ಗೆದ್ದು ಮಾಡೆಲಿಂಗ್‌ಗೆ ಬಂದರು. ಅವರ ಮೊದಲ ಚಿತ್ರ, ಕನ್ನಡದ ‘ಕಿರಿಕ್ ಪಾರ್ಟಿ’ ತೆರೆಕಂಡದ್ದು 2016ರ ಡಿಸೆಂಬರ್ 30ಕ್ಕೆ. ಓಡಿದ್ದೆಲ್ಲ 2017ರಲ್ಲಿ, ಹಾಗಾಗಿ ಹಲವರಿಗೆ ಇಸವಿ ತಪ್ಪುತ್ತದೆ. ತೆಲುಗಿನ ‘ಛಲೋ’ 2018, ‘ಪುಷ್ಪ’ 2021, ಹಿಂದಿಯ ‘ಗುಡ್‌ಬೈ’ 2022.