ದಯವಿಟ್ಟು ಸಹಜವಾಗಿರಿ

ಕೈಯಿಂದ ದುಡ್ಡು ಹಾಕಿ, ಎರವಲು ತಂದ ಕ್ಯಾಮೆರಾ ಹಿಡಿದು ಸಿನಿಮಾ ಮಾಡಲು ಹೊರಟವರೆಲ್ಲ ಮೊದಲು ಆಡುವ ಮಾತು “ಸೆಟ್ ಗಿಟ್ ಬೇಡ, ಎಲ್ಲವೂ ಸಹಜವಾಗಿರಬೇಕು” ಎಂಬುದು. ಸೆಟ್ ಹಾಕಿಸಲು ಕಾಸಿಲ್ಲ ಎನ್ನುವುದನ್ನು ಇಷ್ಟು ಗಾಂಭೀರ್ಯದಿಂದ ಹೇಳುವ ಇನ್ನೊಂದು ಉಪಾಯ ನನಗೆ ಗೊತ್ತಿಲ್ಲ. ನಿಜವಾದ ಮನೆ, ನಿಜವಾದ ಬೀದಿ, ನಿಜವಾದ ಬಿಸಿಲು. ಇವೆಲ್ಲ ಪುಕ್ಕಟೆ ಎಂಬ ನಂಬಿಕೆಯ ಮೇಲೆ ಇಡೀ ಬಜೆಟ್ಟು ನಿಂತಿರುತ್ತದೆ. ಚಿತ್ರೀಕರಣದ ಮೊದಲ ಬೆಳಿಗ್ಗೆಯೇ ಆ ನಿಜಗಳೊಂದಿಗೆ ನಮ್ಮ ಜಗಳ ಶುರುವಾಗುತ್ತದೆ. ಸಹಾಯಕ ನಿರ್ದೇಶಕ ಎಂಬ ಹೆಸರಿನಲ್ಲಿ ಇಂಥ ತಂಡಗಳ ಹಿಂದೆ ಓಡಾಡಿದವನು ನಾನು. ಹೆಸರು ದೊಡ್ಡದು, ಕೆಲಸ ಹೆಚ್ಚಾಗಿ ‘ಶ್’ ಎನ್ನುವುದು.

ಮೊದಲ ಜಗಳ ಫ್ರಿಜ್ಜಿನ ಜೊತೆ. ಬೆಳಕು ಸಿದ್ಧವಾಗಿ, ನಟಿ ಕಣ್ಣಂಚಿಗೆ ನೀರು ತಂದುಕೊಂಡ ಹೊತ್ತಿಗೆ ಸರಿಯಾಗಿ ಧ್ವನಿಗ್ರಾಹಕರು ಹೆಡ್‌ಫೋನ್ ಒತ್ತಿ ಹಿಡಿದು, “ಏನೋ ಗುಂಯ್ ಅನ್ನುತ್ತಿದೆ” ಎನ್ನುತ್ತಾರೆ. ನಮಗಾರಿಗೂ ಏನೂ ಕೇಳಿಸುವುದಿಲ್ಲ. ಕಿವಿ ತನಗೆ ಬೇಡದ್ದನ್ನು ಬಿಟ್ಟುಬಿಡುತ್ತದೆ; ಮೈಕಿಗೆ ಆ ದೊಡ್ಡತನವಿಲ್ಲ. ಫ್ರಿಜ್ ಆರಿಸುತ್ತೇವೆ. ಆಗ ಫ್ಯಾನಿನ ಸದ್ದು ಕೇಳತೊಡಗುತ್ತದೆ. ಫ್ಯಾನ್ ನಿಂತ ಮೇಲೆ ಗಡಿಯಾರ. ಗಡಿಯಾರದ ಸೆಲ್ ಕಿತ್ತ ಮೇಲೆ ಬಚ್ಚಲಿನಲ್ಲಿ ತೊಟ್ಟಿಕ್ಕುವ ನಲ್ಲಿ. ಅದಕ್ಕೊಂದು ಬಟ್ಟೆ ಕಟ್ಟಿ ಬರುವಷ್ಟರಲ್ಲಿ ಆಕಾಶದಲ್ಲಿ ವಿಮಾನ. ವಿಮಾನ ಹೋಗಲಿ ಎಂದು ಕಾಯುವಾಗ ಪಕ್ಕದ ಮನೆಯ ನಾಯಿಗೆ ಏನೋ ಜ್ಞಾಪಕ ಬರುತ್ತದೆ. ಅಷ್ಟರಲ್ಲಿ ನಟಿಯ ಕಣ್ಣೀರು ಆರಿಹೋಗಿರುತ್ತದೆ.

ಮನೆಯವರ ಫ್ರಿಜ್ಜನ್ನು ಮತ್ತೆ ಹಾಕುವುದನ್ನು ಮರೆತರೆ ಮರುದಿನ ಆ ಮನೆಯೊಳಗೆ ಕಾಲಿಡುವಂತಿಲ್ಲ. ಅದಕ್ಕೆ ಪಳಗಿದವರು ಒಂದು ಉಪಾಯ ಮಾಡುತ್ತಾರೆ: ವಾಹನದ ಕೀಲಿಯನ್ನು ಫ್ರಿಜ್ಜಿನೊಳಗೇ ಇಡುತ್ತಾರೆ. ಕೀಲಿಯಿಲ್ಲದೆ ಹೊರಡುವ ಹಾಗಿಲ್ಲ, ಬಾಗಿಲು ತೆರೆದು ಒಳಗೆ ಕತ್ತಲೆ ಕಂಡರೆ ಸ್ವಿಚ್ ಮರೆಯುವ ಹಾಗಿಲ್ಲ. ಸಿನಿಮಾ ಕಲೆಯ ಬಗ್ಗೆ ನಾನು ಓದಿದ ದಪ್ಪ ಪುಸ್ತಕಗಳಿಗಿಂತ ಈ ತಣ್ಣನೆಯ ಕೀಲಿಯ ಮೇಲೆ ನನಗೆ ಹೆಚ್ಚು ಗೌರವ.

ಎಲ್ಲ ಸದ್ದುಗಳನ್ನೂ ಅಡಗಿಸಿ ದೃಶ್ಯ ಮುಗಿಸಿದ ಮೇಲೆ ಧ್ವನಿಗ್ರಾಹಕರು ಇನ್ನೊಂದು ಬೇಡಿಕೆ ಇಡುತ್ತಾರೆ: ಈಗ ಬರೀ ಮೌನವನ್ನು ಮುದ್ರಿಸಿಕೊಳ್ಳಬೇಕು. ಒಂದೊಂದು ಕೋಣೆಯ ಮೌನ ಒಂದೊಂದು ಬಗೆ. ಮಾತು ಮಾತಿನ ನಡುವೆ ಕತ್ತರಿಸಿದ ಜಾಗಕ್ಕೆ ಸಂಕಲನಕಾರರು ಅದೇ ಕೋಣೆಯ ಮೌನವನ್ನೇ ತುಂಬಬೇಕು, ಇಲ್ಲದಿದ್ದರೆ ಕಿವಿಗೆ ಹೊಂಡ ಬಿದ್ದಂತಾಗುತ್ತದೆ. ಹಾಗಾಗಿ ಅರ್ಧ ನಿಮಿಷವೋ ಒಂದು ನಿಮಿಷವೋ, ಇಡೀ ತಂಡ ಸಂತಾಪ ಸಭೆಯಲ್ಲಿದ್ದಂತೆ ತಲೆ ತಗ್ಗಿಸಿ ನಿಲ್ಲುತ್ತದೆ. ಕೆಮ್ಮು ಬರುವುದು ಆಗಲೇ. ಯಾರದೋ ಹೊಟ್ಟೆ ಗುರ್ ಎನ್ನುವುದೂ ಆಗಲೇ.

ಸದ್ದನ್ನಾದರೂ ‘ಶ್’ ಎಂದು ಗದರಬಹುದು. ಸೂರ್ಯನಿಗೆ ಹೇಳುವವರಾರು? ಗಂಟೆಗೆ 15 ಡಿಗ್ರಿಯ ಲೆಕ್ಕದಲ್ಲಿ ಅವನು ಸರಿಯುತ್ತಲೇ ಇರುತ್ತಾನೆ. ಕಿಟಕಿಯ ಪಕ್ಕ ಕೂತು ಇಬ್ಬರು ಮಾತಾಡುವ ದೃಶ್ಯವಿದೆಯೆನ್ನಿ. ಒಬ್ಬರ ಮುಖವನ್ನು ಬೆಳಿಗ್ಗೆ ತೆಗೆದು, ಇನ್ನೊಬ್ಬರ ಮುಖಕ್ಕೆ ಬರುವ ಹೊತ್ತಿಗೆ ಮಧ್ಯಾಹ್ನ ಇಳಿದಿರುತ್ತದೆ. ಪರದೆಯ ಮೇಲೆ ಬೆಳಗಿನ ಕೆನ್ನೆಯೊಂದು ಸಂಜೆಯ ಕೆನ್ನೆಯೊಂದಿಗೆ ಜಗಳವಾಡುತ್ತದೆ. ಈ ತೊಂದರೆ ಸಿನಿಮಾದಷ್ಟೇ ಹಳೆಯದು. 1893ರಲ್ಲಿ ಎಡಿಸನ್ನನ ಕಂಪನಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಕಟ್ಟಿದ ‘ಬ್ಲ್ಯಾಕ್ ಮರಿಯಾ’ ಎಂಬ ಸ್ಟುಡಿಯೊದ ಛಾವಣಿ ತೆರೆದುಕೊಳ್ಳುತ್ತಿತ್ತು. ಬಿಸಿಲು ಹೋದ ಕಡೆಗೆ ಇಡೀ ಕಟ್ಟಡವನ್ನೇ ದುಂಡನೆಯ ಹಳಿಯ ಮೇಲೆ ತಿರುಗಿಸುತ್ತಿದ್ದರು. ಕೈಕಾಲು ಹಿಡಿದು ಒಪ್ಪಿಸಿಕೊಂಡ ಮನೆಯನ್ನು ನಾವು ಹಾಗೆ ತಿರುಗಿಸುವಂತಿಲ್ಲ. ಆದ್ದರಿಂದ ಪಾತ್ರವನ್ನೇ ತಿರುಗಿಸುತ್ತೇವೆ. ಬಾಗಿಲ ಕಡೆ ನೋಡಬೇಕಾಗಿದ್ದವಳು ಗೋಡೆಯ ಕಡೆ ನೋಡುತ್ತಾಳೆ. ಅವಳ ಒಳಗಿನ ಒಂಟಿತನವನ್ನು ಅದು ತೋರಿಸುತ್ತದೆ ಎಂದು ನಿರ್ದೇಶಕರು ಅಲ್ಲೇ ಒಂದು ವ್ಯಾಖ್ಯಾನ ಕೊಡುತ್ತಾರೆ. ಮುಂದೆ ವಿಮರ್ಶಕರೂ ಅದನ್ನೇ ಬರೆದರೆ ನಾವು ಯಾರೂ ತಿದ್ದಲು ಹೋಗುವುದಿಲ್ಲ.

ಮೋಡ ಕವಿದು ಎಲ್ಲರೂ ಸುಮ್ಮನೆ ಕೂತಾಗ ಹೇಳಲೆಂದೇ ಒಂದು ಕಥೆಯಿದೆ. ಸತ್ಯಜಿತ್ ರಾಯ್ ಅವರು ‘ಪಥೇರ್ ಪಾಂಚಾಲಿ’ಯ ಕಾಶಹುಲ್ಲಿನ ಬಯಲಿನ ದೃಶ್ಯವನ್ನು ಅರ್ಧ ತೆಗೆದಿದ್ದರು. ಮುಂದಿನ ವಾರ ಹೋಗಿ ನೋಡಿದರೆ ದನಗಳು ಹೂವನ್ನೆಲ್ಲ ಮೇಯ್ದು ಮುಗಿಸಿದ್ದವು. ಮತ್ತೆ ಹೂ ಬಿಡುವ ಕಾಲದವರೆಗೆ ಕಾಯಬೇಕಾಯಿತು. ಈ ಕಥೆಯನ್ನು ಹೇಳದ ಸ್ವತಂತ್ರ ನಿರ್ದೇಶಕರನ್ನು ನಾನು ಕಂಡಿಲ್ಲ. ರಾಯ್ ಅವರಿಗಾದ ತೊಂದರೆಯೆಲ್ಲ ತಮಗೂ ಆಗಿದೆ, ಆದ್ದರಿಂದ ಉಳಿದದ್ದೂ ಆಗಲೇಬೇಕು ಎಂಬ ಧಾಟಿಯಲ್ಲಿ ಹೇಳುತ್ತಾರೆ. ಪಾಪ, ದನಗಳು ಎಲ್ಲರ ಪಾಲಿಗೂ ಬರುತ್ತವೆ.

ಲೋಟದ ನೀರು ಹಿಂದಿನ ಟೇಕಿನಲ್ಲಿ ಎಷ್ಟಿತ್ತು, ಮೋಂಬತ್ತಿ ಎಷ್ಟು ಉದ್ದವಿತ್ತು, ಸೆರಗು ಯಾವ ಭುಜದ ಮೇಲಿತ್ತು ಎಂಬ ಕಂಟಿನ್ಯುಟಿಯ ಕಾಟವನ್ನು ಮೊಬೈಲಿನಲ್ಲಿ ತೆಗೆದ ಫೋಟೊಗಳು ಈಗ ಸಾಕಷ್ಟು ಕಡಿಮೆ ಮಾಡಿವೆ. ಬಾಲನಟನ ಹಾಲುಹಲ್ಲು ಒಂದೇ ದೃಶ್ಯದ ನಡುವೆ ಉದುರಿದರೆ ಮಾತ್ರ ಫೋಟೊ ನೋಡಿ ಪ್ರಯೋಜನವಿಲ್ಲ. ಬಾಯಿ ಮುಚ್ಚಿಕೊಂಡೇ ನಗು ಎನ್ನಬೇಕು, ಅಷ್ಟೆ.

ಆದರೆ ಫ್ರಿಜ್ಜು, ಸೂರ್ಯ, ಹಾಲುಹಲ್ಲು ಎಲ್ಲಕ್ಕಿಂತ ಕಷ್ಟ ಕೊಡುವವರು ಮನುಷ್ಯರು. ದುಡ್ಡು ಕೊಟ್ಟು ಜನ ತರಿಸುವ ಶಕ್ತಿಯಿಲ್ಲದ ನಾವು ಬೀದಿಯಲ್ಲಿ ಸಿಕ್ಕವರನ್ನೇ ಕೇಳಿಕೊಳ್ಳುತ್ತೇವೆ: “ಸುಮ್ಮನೆ ಇಲ್ಲಿಂದ ಅಲ್ಲಿಗೆ ನಡೆದು ಹೋಗಿ ಸಾರ್. ದಯವಿಟ್ಟು ಸಹಜವಾಗಿರಿ.” ಸಹಜವಾಗಿರಿ ಎಂಬ ಆ ಒಂದು ಮಾತು ಸಾಕು, ಬುದ್ಧಿ ತಿಳಿದಾಗಿನಿಂದ ನಡೆಯುತ್ತಾ ಬಂದ ಮನುಷ್ಯನಿಗೆ ಯಾವ ಕಾಲಿನ ಜೊತೆ ಯಾವ ಕೈ ಬೀಸಬೇಕು ಎಂಬುದು ಮರೆತುಹೋಗುತ್ತದೆ. ಕವಾಯತಿನಂತೆ ನಡೆದು ಹೋಗಿ, ಕೊನೆಯಲ್ಲಿ ತಿರುಗಿ, “ಸರಿ ಬಂತಾ?” ಎಂದು ಕ್ಯಾಮೆರಾವನ್ನೇ ಕೇಳುತ್ತಾರೆ. ಅದೇ ಹೊತ್ತಿಗೆ, ನಾವು ಕರೆಯದ ಒಬ್ಬ ವ್ಯಕ್ತಿ ಅವರ ಹಿಂದೆ ಅತ್ಯಂತ ಸಹಜವಾಗಿ, ಮೂಗು ಕೆರೆದುಕೊಳ್ಳುತ್ತಾ ನಡೆದು ಹೋಗಿರುತ್ತಾನೆ. ಇಡೀ ದಿನದ ಅತ್ಯುತ್ತಮ ನಟನೆ ಅದೇ. ಆದರೆ ಫೋಕಸ್ ಅವನ ಮೇಲಿರುವುದಿಲ್ಲ. ಓಡಿಹೋಗಿ ಅವನನ್ನು ಕರೆತಂದು ಇನ್ನೊಮ್ಮೆ ನಡೆಸಿದರೆ ಅವನೂ ಕವಾಯತು ಶುರು ಮಾಡುತ್ತಾನೆ.

ರಾತ್ರಿ ಬ್ಯಾಟರಿಗಳ ಪಾಳಿ. ಇರುವ ಎರಡು ಪ್ಲಗ್ಗಿಗೆ ಎಲ್ಲವೂ ಸರದಿಯಲ್ಲಿ ನಿಲ್ಲುತ್ತವೆ. ಆ ದಿನ ತೆಗೆದದ್ದನ್ನೆಲ್ಲ ಒಂದಲ್ಲ, ಎರಡು ಹಾರ್ಡ್ ಡಿಸ್ಕಿಗೆ ತುಂಬಿಸಿ, ಎರಡನ್ನೂ ಬೇರೆ ಬೇರೆಯವರ ಚೀಲದಲ್ಲಿ ಇಡಬೇಕು. ಚಿತ್ರಕಥೆಯ ಪ್ರತಿ ಪುಟಕ್ಕೆ ಪರದೆಯ ಮೇಲೆ ಸುಮಾರು ಒಂದು ನಿಮಿಷ ಎಂಬ ಲೆಕ್ಕದಲ್ಲಿ, ಇಡೀ ದಿನದ ‘ಶ್’ಗಳೆಲ್ಲ ಸೇರಿ ಮೂರು ನಿಮಿಷದ ಸಿನಿಮಾ ಆಗಿದ್ದರೆ ಅದು ಒಳ್ಳೆಯ ದಿನ.

ಮನೆ ಬಿಟ್ಟು ಹೊರಡುವಾಗ ಎಲ್ಲವನ್ನೂ ಇದ್ದ ಹಾಗೆಯೇ ಇಟ್ಟುಹೋಗುವುದು ಮರ್ಯಾದೆ. ಗಾರೆ ಕಿತ್ತ ಗೋಡೆಯೊಂದಕ್ಕಾಗಿಯೇ ನಾವು ಹಟ ಹಿಡಿದು ಒಪ್ಪಿಸಿಕೊಂಡಿದ್ದ ಮನೆಯೊಂದಿತ್ತು. ಛಾಯಾಗ್ರಾಹಕರು ಆ ಗೋಡೆಯ ಒಂದೊಂದು ಕಲೆಯನ್ನೂ ಹೆಸರಿಟ್ಟು ಕರೆಯುತ್ತಿದ್ದರು. ಸಂಕಲನದ ವೇಳೆ ಒಂದು ಶಾಟ್ ಬಿಟ್ಟುಹೋಗಿದೆ ಎಂದು ತಿಳಿದು, ಕೆಲವು ವಾರಗಳ ಮೇಲೆ ಕ್ಯಾಮೆರಾ ಹೊತ್ತು ಮತ್ತೆ ಹೋದೆವು. ಗೋಡೆ ತುಂಬ ಹೊಸ ಗಾರೆ, ಅದರ ಮೇಲೆ ತಿಳಿಹಸಿರು ಬಣ್ಣ.

“ಮನೆ ಸಿನಿಮಾದಲ್ಲಿ ಬರುತ್ತದೆ ಅಂದಿರಲ್ಲ,” ಎಂದರು ಮನೆಯ ಯಜಮಾನರು, “ನೋಡುವವರು ಏನಂದುಕೊಂಡಾರು ಅಂತ ಮಾಡಿಸಿಬಿಟ್ಟೆ.” ಆಮೇಲೆ, ನಾವು ಕೇಳದೆಯೇ, ಒಳಗೆ ಹೋಗಿ ಫ್ರಿಜ್ ಆರಿಸಿ ಬಂದರು.